ನಾಲಿಗಿ ಖೋಲಿಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ

ಸಾರಾಯಿ ಭಟ್ಟಿಯಲ್ಲಿ ಇಡೀ ನೌಕರಿ ಕಳೆದು, ಒಂದು ಗುಟುಕನ್ನೂ ಗಂಟಲಿಗಿಳಿಸದೆ ನಿವೃತ್ತನಾದವನು ನಾನು. ಇದನ್ನು ಹೇಳಿದರೆ ಹೊಸಬರು ಮುಖ ಮುಖ ನೋಡಿಕೊಂಡು ನಗುತ್ತಾರೆ. ನಗಲಿ. ರಸಾಯನಶಾಸ್ತ್ರ ಓದಿ ಇಂಥ ಕಾರ್ಖಾನೆಗಳಿಗೆ ಸೇರುವ ಹುಡುಗ ಹುಡುಗಿಯರು ಈಗಲೂ ಆಗಾಗ ನನ್ನನ್ನು ಕೇಳಿಕೊಂಡು ಬರುತ್ತಾರೆ. ಯಂತ್ರಗಳ ಹೆಸರೆಲ್ಲ ಅವರಿಗೆ ಬಾಯಿಪಾಠ. ಮೂಗನ್ನು ಮಾತ್ರ ನೆಗಡಿ ಬಂದಾಗ ನೆನೆಯುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಹಾರ ಹಾಕಿದರು ಎಂಬುದೆಲ್ಲ ನಿಮಗೆ ಬೇಡದ ಸಂಗತಿ, ಬಿಟ್ಟಿದ್ದೇನೆ.

ನಮ್ಮ ಭಟ್ಟಿ ಸೇಡಂನಿಂದ ಚಿಂಚೋಳಿಗೆ ಹೋಗುವ ರಸ್ತೆಯಿಂದ ತುಸು ಒಳಗೆ, ಒಂದು ಹಳ್ಳದ ದಂಡೆಯಲ್ಲಿತ್ತು. ಚಿಂಚೋಳಿ ಕಡೆಯ ಕಾಡಿನಲ್ಲಿ ಇಪ್ಪೆ ಮರಗಳು ಹೇರಳ. ಬೇಸಿಗೆ ಬಂದರೆ ಹೂ ತಾನಾಗಿ ಉದುರುತ್ತದೆ. ಹೆಂಗಸರು ಬೆಳಗಾಗುತ್ತಲೇ ಆರಿಸಿ, ಒಣಗಿಸಿ, ಚೀಲ ತುಂಬಿ ತರುತ್ತಿದ್ದರು. ಒಣಗಿದ ಹೂ ಒಣದ್ರಾಕ್ಷಿಯಂತೆ ಕಾಣುತ್ತದೆ, ಸಿಹಿಯೂ ಹಾಗೆಯೇ. ಅದನ್ನು ನೆನೆಸಿ, ಬೆಲ್ಲ ಸೇರಿಸಿ, ಹುಳಿ ಬರಿಸಿ, ತಾಮ್ರದ ಎರಡು ದೊಡ್ಡ ಹಂಡೆಗಳಲ್ಲಿ ಕಾಯಿಸಿ ಇಳಿಸುತ್ತಿದ್ದೆವು. ಆಗ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬಾಗಿಲ ಮೇಲಿನ ಉರ್ದು ಅಕ್ಷರಗಳಿಗೆ ಸುಣ್ಣ ಬಳಿದು ಅದರ ಮೇಲೆ ಕನ್ನಡದಲ್ಲಿ ಬರೆಸಿದ್ದರು, ಆದರೆ ಮಳೆ ಬಂದರೆ ಉರ್ದು ಮತ್ತೆ ಇಣುಕುತ್ತಿತ್ತು. ಮಾಲಕರು ನರಸರೆಡ್ಡಿ. ಒಳ್ಳೆಯವರು, ಆದರೆ ಮುಂಗೋಪ. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದರು, ಇಳಿದ ಮೇಲೆ ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದರು.

ಭಟ್ಟಿಯ ಒಂದು ಮೂಲೆಯಲ್ಲಿ ಬಿಳಿ ಸುಣ್ಣ ಬಳಿದ ಒಂದು ಕೋಣೆ. ಇಳಿಸಿದ ಮಾಲಿನ ರುಚಿ ನೋಡುವುದು ಅಲ್ಲಿಯೇ. ಕೂಲಿಯವರು ಅದಕ್ಕೆ ‘ನಾಲಿಗಿ ಖೋಲಿ’ ಎಂದು ಹೆಸರಿಟ್ಟಿದ್ದರು. ಉತ್ತರಕ್ಕೊಂದು ಕಿಟಕಿ, ಶಹಾಬಾದ ಕಲ್ಲಿನ ಮೇಜು, ಅದರ ಮೇಲೆ ಬಿಳಿ ಪಿಂಗಾಣಿ ಬಟ್ಟಲುಗಳು, ಕೆಳಗೆ ಹಿತ್ತಾಳೆಯ ದೊಡ್ಡ ಪೀಕದಾನಿ. ಎಲೆ ಅಡಿಕೆ ಹಾಕಿಕೊಂಡವರಿಗೆ, ಅತ್ತರು ಪೂಸಿಕೊಂಡವರಿಗೆ, ಬೀಡಿ ಸೇದಿ ಬಂದವರಿಗೆ ಪ್ರವೇಶವಿಲ್ಲ. ಎಲ್ಲಕ್ಕೂ ದೊಡ್ಡ ಕಾಯಿದೆಯೆಂದರೆ ನುಂಗಬಾರದು. ಬಾಯಿಗೆ ಹಾಕಿಕೊಂಡು, ತಿರುಗಿಸಿ, ಪೀಕದಾನಿಗೆ ಉಗುಳಬೇಕು. ಒಮ್ಮೆ ನುಂಗಿದವನ ಮಾತಿಗೆ ಆ ದಿನ ಅಲ್ಲಿ ಬೆಲೆಯಿಲ್ಲ.

ಈ ಕಾಯಿದೆ ಮಾಡಿದವರು ಭಟ್ಟಿಯ ಮುಖ್ಯ ಮೇಸ್ತ್ರಿ ಮೈಬೂಬ್ ಸಾಬ್. ಎತ್ತರದ ಆಳು, ಬಿಳಿ ಗಡ್ಡ, ಐದು ಹೊತ್ತಿನ ನಮಾಜು. ಅವರ ತಂದೆಯೂ ಇದೇ ಭಟ್ಟಿಯಲ್ಲಿದ್ದವರು. ತಂದೆಯಾಗಲಿ ಮಗನಾಗಲಿ ಒಂದು ಹನಿ ಕುಡಿದವರಲ್ಲ. ಇದರ ಬಗ್ಗೆ ಯಾರಾದರೂ ಕೆಣಕಿದರೆ ಸಾಬ್ ಸಿಟ್ಟಾಗುತ್ತಿರಲಿಲ್ಲ. ಅಕ್ಕಸಾಲಿಗ ಬಂಗಾರ ತಿಂತಾನೇನು ಎಂದು ಕೇಳಿ ತಮ್ಮ ಕೆಲಸ ನೋಡುತ್ತಿದ್ದರು. ವಿನಯ ಗಿನಯ ಅವರ ಬಳಿ ಸುಳಿಯುತ್ತಿರಲಿಲ್ಲ. ಸೇಡಂ ಚಿತ್ತಾಪುರ ಎರಡೂ ತಾಲೂಕುಗಳಲ್ಲಿ ತಮ್ಮಂಥ ನಾಲಿಗೆ ಇಲ್ಲ ಎಂದು ಅವರೇ ಹೇಳಿಕೊಂಡು ತಿರುಗುತ್ತಿದ್ದರು.

ನಾನು ನಾಲವಾರದ ಒಕ್ಕಲುಮನೆಯವನು, ಲಿಂಗವಂತ. ಕಲಬುರ್ಗಿಯಲ್ಲಿ ಇಂಟರ್ ಸೈನ್ಸ್ ಮುಗಿಸಿ ಬಂದಾಗ ಸಿಕ್ಕಿದ್ದು ಈ ಭಟ್ಟಿಯ ಪ್ರಯೋಗಶಾಲೆಯ ಕೆಲಸ. ಮನೆಯಲ್ಲಿ ಹೇಳಿದಾಗ ಅಪ್ಪ ಎದ್ದು ದನದ ಕೊಟ್ಟಿಗೆಗೆ ಹೋದರು. ಅವ್ವ ಮಾತ್ರ ಜೋಳ ಹಸನು ಮಾಡುತ್ತ ತಲೆ ಎತ್ತದೆಯೇ ಹೇಳಿದಳು.

“ನೌಕರಿ ಮಾಡು, ಬ್ಯಾಡ ಅನ್ನಾಂಗಿಲ್ಲ. ಬಾಯಾಗ ಹಾಕ್ಕೋಬೇಕಾದ್ರ ಹಾಕ್ಕೋ, ಉಗುಳು. ಎದಿ ಮ್ಯಾಲ ಲಿಂಗ ಅದ. ಅದರ ಹಿಂದಿಂದ ಆ ನೀರು ಇಳೀಬಾರ್ದು.”

ನಾನು ಮಾತು ಕೊಟ್ಟೆ, ಭಟ್ಟಿಗೆ ಸೇರಿದ ಮೊದಲ ದಿನವೇ ಮೇಸ್ತ್ರಿಗೂ ಅದನ್ನು ಹೇಳಿಟ್ಟೆ. ಆದರೂ ಅವ್ವನ ಅನುಮಾನ ಹೋಗಲಿಲ್ಲ. ಅವಳ ಭಯವೆಲ್ಲ ಕಾಣದ ಆ ಮೇಸ್ತ್ರಿಯ ಮೇಲೆ. ವಾರಕ್ಕೊಮ್ಮೆ ಸೇಡಂನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ, ನಾಲವಾರ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗುತ್ತಿದ್ದೆ. ಹೊರಡುವಾಗ ರೊಟ್ಟಿಯ ಗಂಟು ಕೈಗಿಡುತ್ತ, ಭಟ್ಟಿ ನೋಡಿಕೊಳ್ಳುವವನು ಒಂದು ದಿನ ನಿನಗೆ ಕುಡಿಸಿಯೇ ಬಿಡುತ್ತಾನೆ, ಅವನಿಂದ ಎಚ್ಚರ ಎಂದು ತಪ್ಪದೆ ಹೇಳುತ್ತಿದ್ದಳು. ಅವರೂ ಕುಡಿಯುವುದಿಲ್ಲ ಎಂದರೆ ನಂಬುತ್ತಿರಲಿಲ್ಲ. ದಿನವೆಲ್ಲ ಹೆಂಡದಲ್ಲಿ ಕೈಯಾಡಿಸುವವನು ಕುಡಿಯುವುದಿಲ್ಲವಂತೆ ಎಂದು ಪಕ್ಕದ ಮನೆಯವಳಿಗೆ ಹೇಳಿ ನಕ್ಕಿದ್ದೂ ನನಗೆ ಗೊತ್ತು.

ಆ ರೊಟ್ಟಿಯ ಗಂಟೇ ನನ್ನ ಮೊದಲ ಪೇಚಿಗೆ ಕಾರಣ. ಕೆಲಸಕ್ಕೆ ಸೇರಿದ ಹೊಸತು. ಮಧ್ಯಾಹ್ನ ಅವ್ವ ಕಟ್ಟಿದ ರೊಟ್ಟಿ, ಕೆಂಪು ಖಾರದ ಚಟ್ನಿ, ಹಸಿ ಉಳ್ಳಾಗಡ್ಡಿ ಗಡದ್ದಾಗಿ ತಿಂದು, ಬಾಯಿ ಮುಕ್ಕಳಿಸಿ ನಾಲಿಗಿ ಖೋಲಿಗೆ ಹೋದೆ. ಬಟ್ಟಲೆತ್ತಿ ಬಾಯಲ್ಲಿ ತಿರುಗಿಸಿ ಉಗುಳಿ, ಇವತ್ತಿನದು ವಿಪರೀತ ತೀಕ್ಷ್ಣ, ಗಂಟಲಿಗೆ ಹತ್ತುತ್ತದೆ ಎಂದು ದೊಡ್ಡ ಪಂಡಿತನಂತೆ ಹೇಳಿದೆ. ಮೈಬೂಬ್ ಸಾಬ್ ಬಟ್ಟಲು ಮೂಸಿ ನೋಡಿ, ನನ್ನ ಹತ್ತಿರ ಬಂದು ನನ್ನನ್ನೂ ಮೂಸಿದರು.

“ಇವತ್ತು ನೀ ಮಾಲಿನ ರುಚಿ ನೋಡಿಲ್ಲ ಲಿಂಗಪ್ಪ, ನಿಮ್ಮವ್ವನ ಚಟ್ನಿ ರುಚಿ ನೋಡೀದಿ. ಚಟ್ನಿ ಭಾಳ ಚಲೋ ಅದ. ಹೋಗು, ಹೊರಗ ಕುಂದ್ರು.”

ಅಂದಿನಿಂದ ಭಟ್ಟಿಯಲ್ಲಿ ಇರುವ ದಿನ ಮಧ್ಯಾಹ್ನಕ್ಕೆ ಬರೀ ಮಜ್ಜಿಗೆ ಅನ್ನ. ನೀವೂ ಇದನ್ನು ನೆನಪಿಡಿ. ನಾಲಿಗೆ ನಿಮ್ಮ ಉಪಕರಣ, ಕೆಲಸದ ಹೊತ್ತಿನಲ್ಲಿ ಅದು ನಿಮ್ಮ ಖಾಸಗಿ ಆಸ್ತಿಯಲ್ಲ.

ಮೂಗನ್ನು ತಿದ್ದಿದವರೂ ಸಾಬ್‌ರೇ. ಎರಡು ಹನಿ ಅಂಗೈಗೆ ಹಾಕಿ ಉಜ್ಜಿ, ಮೊದಲು ಹಾರುವ ವಾಸನೆಯನ್ನು ಬಿಡಬೇಕು. ಅದು ಎಲ್ಲ ಸಾರಾಯಿಗೂ ಒಂದೇ. ಅದು ಹೋದ ಮೇಲೆ ಕೈ ಮೂಸಿದರೆ ಹೂವಿನ ವಾಸನೆ ಸಿಗುತ್ತದೆ. ಕೈ ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ಮೂಸಬೇಕು. ಮಾಡಿದವನ ತಪ್ಪು ಏನಾದರೂ ಇದ್ದರೆ ಅದು ಇರುವುದು ಈ ಕೊನೆಯದರಲ್ಲಿ. ಹುಳಿ ಹೆಚ್ಚಾಗಿದ್ದರೆ, ಹಂಡೆ ತಳ ಹಿಡಿದಿದ್ದರೆ, ಹೂ ಮಳೆಯಲ್ಲಿ ನೆಂದಿದ್ದರೆ ಎಲ್ಲವೂ ಅಂಗೈಯಲ್ಲಿ ಉಳಿದಿರುತ್ತದೆ. ಒಂದು ವರ್ಷದಲ್ಲಿ ನಾನು ಇದನ್ನು ಕಲಿತೆ, ಎರಡನೆಯ ವರ್ಷ ಸಾಬ್‌ರ ಜೊತೆ ವಾದ ಮಾಡುವಷ್ಟು ಕಲಿತೆ. ನನ್ನ ನಾಲಿಗೆ ಚೆನ್ನಾಗಿತ್ತು. ಸುಮ್ಮನೆ ಸಂಕೋಚ ಮಾಡಿಕೊಂಡು ಇಲ್ಲ ಎನ್ನುವುದಿಲ್ಲ.

ಖೋಲಿಗೆ ಬರುವ ಅತಿಥಿಗಳು ನಾನಾ ತರಹ. ಚಿತ್ತಾಪುರದ ಕಚೇರಿಯವರು, ವಾಡಿ ಶಹಾಬಾದ ಕಡೆಯ ಗುತ್ತೇದಾರರು, ಸುಮ್ಮನೆ ನೋಡಿಕೊಂಡು ಹೋಗುತ್ತೇವೆ ಎಂದು ಬಂದು ನೋಡುವುದನ್ನು ಬಿಟ್ಟು ಉಳಿದೆಲ್ಲ ಮಾಡುವವರು. ಶಹಾಬಾದ ಕಡೆಯ ಗುತ್ತೇದಾರರೊಬ್ಬರು ಪ್ರತಿ ಸಲ ಬಟ್ಟಲು ಕೆಳಗಿಟ್ಟು, ಕಡಕ್ ಇಲ್ಲ ಎಂದು ಮುಖ ತಿರುಗಿಸುತ್ತಿದ್ದರು. ಸಾಬ್ ಅದೇ ಬಟ್ಟಲನ್ನು ಬಾಗಿಲಾಚೆ ಬಿಸಿಲಿಗೆ ಕಾದ ಕಲ್ಲಿನ ಮೇಲಿಟ್ಟು, ಅವರೊಡನೆ ಮಳೆ ಬೆಳೆ ಮಾತಾಡಿ, ಆಮೇಲೆ ಬೇರೆ ಬಟ್ಟಲಿಗೆ ಸುರಿದು ಕೊಡುತ್ತಿದ್ದರು. ತುಸು ಬೆಚ್ಚಗಾದ ಸಾರಾಯಿ ಗಂಟಲಿಗೆ ಜೋರಾಗಿ ಹತ್ತುತ್ತದೆ. ಹಾ, ಇದು ಬರೋಬ್ಬರಿ ಅದ ಎಂದು ಅವರು ಮೀಸೆ ಒರೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ನಾವಿಬ್ಬರೂ ಗೋಡೆಯ ಕಡೆ ತಿರುಗಿ ನಗುತ್ತಿದ್ದೆವು.

ಆಗ ನಮ್ಮ ಭಟ್ಟಿಯ ಮೇಲ್ವಿಚಾರಣೆಗೆ ಬಂದ ಅಬಕಾರಿ ಇನ್‌ಸ್ಪೆಕ್ಟರ್ ಸುಬ್ಬರಾಯರು. ಮೈಸೂರು ಕಡೆಯವರು. ಮೊದಲ ಬೇಸಿಗೆಯಲ್ಲಿ ಸೇಡಂ ಬಿಸಿಲಿಗೆ ಕೊಡೆ ಬಿಟ್ಟು ಕದಲುತ್ತಿರಲಿಲ್ಲ, ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲಿಂದ ಶುರು ಮಾಡುವುದೆಂದು ನೋಡುತ್ತಿದ್ದರು. ಆದರೆ ಕೆಲಸದಲ್ಲಿ ಕಟ್ಟುನಿಟ್ಟು, ಕೈ ಶುದ್ಧ. ಅಲ್ಲಿಯವರೆಗೆ ನಮ್ಮಲ್ಲಿ ಸಾರಾಯಿಯ ಬಲ ನೋಡುತ್ತಿದ್ದುದು ಶೀಸೆ ಅಲ್ಲಾಡಿಸಿ. ಮೇಲೆದ್ದ ಗುಳ್ಳೆ ಎಷ್ಟು ದೊಡ್ಡದು, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ ಲೆಕ್ಕ. ಸುಬ್ಬರಾಯರು ಹತ್ತಿಬಟ್ಟೆಯಲ್ಲಿ ಸುತ್ತಿ ತಂದ ಹೈಡ್ರೋಮೀಟರನ್ನು ತೇಲಬಿಟ್ಟರು. ಸಾಬ್‌ರಿಗೂ ಅದಕ್ಕೂ ಪಂದ್ಯವೇ ಆಯಿತು. ಯಂತ್ರ ಗೆದ್ದಿತು. ಬಿಸಿಲಿದ್ದ ದಿನ ಗುಳ್ಳೆ ಮೋಸ ಮಾಡುತ್ತದೆ, ಶಾಖದ ಲೆಕ್ಕ ಹಿಡಿದು ನೋಡಿದರೆ ಯಂತ್ರ ಮಾಡುವುದಿಲ್ಲ. ಸಾಬ್ ಎರಡು ದಿನ ಮುನಿಸಿಕೊಂಡು, ಮೂರನೆಯ ದಿನದಿಂದ ಹೈಡ್ರೋಮೀಟರನ್ನು ತಮ್ಮ ಕೈಯಿಂದಲೇ ಒರೆಸಿಡತೊಡಗಿದರು. ಹಳೆಯದೆಲ್ಲ ಚಿನ್ನ ಎಂದು ನಿಮಗೆ ಹೇಳಲು ನಾನು ಕುಳಿತಿಲ್ಲ. ಬಲ ಹೇಳಲು ಯಂತ್ರ ಬೇಕು. ಆದರೆ ಕೆಟ್ಟಿದ್ದು ಯಾಕೆ ಕೆಟ್ಟಿತು ಎಂದು ಅದು ಹೇಳುವುದಿಲ್ಲ. ಅದಕ್ಕೇ ಮುಂದಿನದನ್ನು ವಿವರವಾಗಿ ಬರೆಯುತ್ತೇನೆ.

ಹೂ ನೆನೆಸಿ ಹುಳಿ ಬರಿಸುವುದು ಕಟ್ಟಿಗೆಯ ದೊಡ್ಡ ಪೀಪಾಯಿಗಳಲ್ಲಿ. ಮೈಬೂಬ್ ಸಾಬ್‌ರ ತಂದೆ ಕೂಡಿಸಿದ ಪೀಪಾಯಿಗಳು. ಹಳತಾಗಿ ಸೋರುತ್ತಿದ್ದವು. ನರಸರೆಡ್ಡಿಯವರು ನೆಂಟರ ಮನೆಗೆಂದು ಶಹಾಬಾದಿಗೆ ಹೋದವರು ಅಲ್ಲಿಂದ ಲಾರಿ ತುಂಬ ಪರಸಿ ಹೇರಿಸಿಕೊಂಡು ಬಂದರು. ಪರಸಿ ಎಂದರೆ ನಮ್ಮ ಶಹಾಬಾದ ಕಲ್ಲಿನ ಹಾಸು. ಇನ್ನು ಮೇಲೆ ಸೋರುವ ಮಾತೇ ಇಲ್ಲ ಎಂದು ಅದರಿಂದ ಅಚ್ಚುಕಟ್ಟಾದ ತೊಟ್ಟಿಗಳನ್ನು ಕಟ್ಟಿಸಿದರು. ಯಾರೂ ಬೇಡವೆನ್ನಲಿಲ್ಲ. ನಮ್ಮ ಕಡೆ ನೆಲ ಅದೇ ಕಲ್ಲು, ಮಾಳಿಗೆ ಅದೇ ಕಲ್ಲು, ದನ ನೀರು ಕುಡಿಯುವ ದೋಣಿ ಅದೇ, ಸತ್ತರೆ ಗೋರಿಯ ಮೇಲೆ ಇಡುವುದೂ ಅದೇ. ಆ ಕಲ್ಲನ್ನು ಅನುಮಾನಿಸುವುದು ಯಾರ ತಲೆಗೂ ಹೊಳೆಯುವುದಿಲ್ಲ. ಸುಬ್ಬರಾಯರೂ ತೊಳೆಯಲು ಸುಲಭ ಎಂದು ಹೊಗಳಿದರು. ಮುಖ ಊದಿಸಿಕೊಂಡವರು ಮೈಬೂಬ್ ಸಾಬ್ ಒಬ್ಬರೇ. ಅವರ ಬಳಿಯೂ ಕಾರಣವೇನಿರಲಿಲ್ಲ, ಅಪ್ಪನ ಪೀಪಾಯಿ ಹೋಯಿತಲ್ಲ ಎಂಬ ಸಿಟ್ಟು ಅಷ್ಟೇ. ಜಗಳ ಮಾಡಿ ಎರಡು ಪೀಪಾಯಿಗಳನ್ನು ಒಡೆಯಲು ಬಿಡದೆ ಹಿತ್ತಲಲ್ಲಿ ಉರುಳಿಸಿಟ್ಟರು.

ಹೊಸ ತೊಟ್ಟಿಯ ಮೊದಲ ಮಾಲಿನಲ್ಲಿ ಏನೋ ಒಂದು ಅಡ್ಡವಾಸನೆ. ಎರಡನೆಯದರಲ್ಲಿ ಅದು ಸ್ಪಷ್ಟವಾಯಿತು. ಬಹಳ ದಿನದ ಕಮಟು ತುಪ್ಪದ ವಾಸನೆ. ಅಂಗೈ ಒಣಗಿದ ಮೇಲಂತೂ ಸಹಿಸಲು ಆಗುತ್ತಿರಲಿಲ್ಲ. ಹೂ ಬದಲಿಸಿದೆವು, ಬೆಲ್ಲ ಬದಲಿಸಿದೆವು, ಹಂಡೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬೆಳಗಿದೆವು. ವಾಸನೆ ಹೋಗಲಿಲ್ಲ. ವಾಡಿಯ ಗುತ್ತೇದಾರರು ಮಾಲನ್ನು ವಾಪಸು ಕಳಿಸಿದರು. ಭಟ್ಟಿಯಲ್ಲಿ ಏನೋ ಬೆರೆಸುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಆಗ ನರಸರೆಡ್ಡಿಯವರ ತಲೆಯೊಳಗೆ ಒಂದು ಮಾತು ಹೊಕ್ಕಿತು. ಪೀಪಾಯಿ ತೆಗೆಸಿದ ಸಿಟ್ಟಿಗೆ ಮೈಬೂಬನೇ ಏನೋ ಹಾಕುತ್ತಿದ್ದಾನೆ ಎಂದು ಅವರು ಸುಬ್ಬರಾಯರಿಗೆ ಹೇಳಿಬಿಟ್ಟರು.

ಬೆರಕೆಯ ಆರೋಪವೆಂದರೆ ಸಣ್ಣದಲ್ಲ. ರುಜುವಾತಾದರೆ ಸಾಬ್‌ರಿಗೆ ಜೈಲು. ಆಗದಿದ್ದರೂ ಕಳಂಕ ಹೊತ್ತವನನ್ನು ಬೇರೆ ಯಾವ ಭಟ್ಟಿಯೂ ಒಳಗೆ ಬಿಡುವುದಿಲ್ಲ.

ಸುಬ್ಬರಾಯರು ಬಂದು ಮಾಲಿಗೆ ಮೊಹರು ಹಾಕಿ, ನಮ್ಮನ್ನೆಲ್ಲ ನಾಲಿಗಿ ಖೋಲಿಗೆ ಕರೆದರು. ಅದೇ ಮಾಲನ್ನು ಬಟ್ಟಲಿಗೆ ಸುರಿಸಿ ಸಾಬ್‌ರ ಮುಂದಿಟ್ಟರು. ಸಾಬ್ ಬಾಯಿಗೆ ಹಾಕಿಕೊಂಡು ತಿರುಗಿಸಿ ಉಗುಳಿ, ಕೆಟ್ಟಿರುವುದು ನಿಜ, ಆದರೆ ವಿಷವಲ್ಲ, ಯಾರೂ ಏನೂ ಹಾಕಿಲ್ಲ ಎಂದರು. ಹಾಗಾದರೆ ನುಂಗಿ ತೋರಿಸಿ ಎಂದರು ಸುಬ್ಬರಾಯರು.

“ನುಂಗಾಂಗಿಲ್ರಿ ಸಾಹೇಬ್ರ. ಚಲೋ ಇದ್ದಾಗೂ ನುಂಗಿಲ್ಲ.”

“ನೀವೇ ಮಾಡಿದ್ದನ್ನ ನೀವೇ ಕುಡಿಯಲ್ಲ ಅಂದ್ರೆ ಜನ ಯಾಕ್ರೀ ಕುಡೀಬೇಕು? ಉಗುಳೋನ ಮಾತನ್ನ ನಾನು ಹ್ಯಾಗೆ ನಂಬಲಿ?”

ನರಸರೆಡ್ಡಿಯವರು ನೋಡಿದಿರಾ ಎಂಬಂತೆ ತಲೆಯಾಡಿಸಿದರು. ಸಾಬ್ ಗಡ್ಡ ನೇವರಿಸುತ್ತ ತಲೆ ತಗ್ಗಿಸಿದರು. ಎರಡು ತಾಲೂಕಿಗೂ ತಾವೇ ನಾಲಿಗೆ ಎನ್ನುತ್ತಿದ್ದ ಮನುಷ್ಯ ಹಾಗೆ ತಲೆ ತಗ್ಗಿಸಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಇನ್ನೊಂದು ಬಟ್ಟಲಿಗೆ ಅದೇ ಮಾಲು ಸುರಿದು ಎತ್ತಿದೆ. ಸಾಹೇಬರಿಗೆ ನುಂಗುವವನೇ ಬೇಕಾದರೆ ನಾನು ನುಂಗುತ್ತೇನೆ ಎಂದು ತುಟಿಗೆ ಹಚ್ಚಿಯೂ ಬಿಟ್ಟೆ. ಸಾಬ್ ನನ್ನ ಮಣಿಕಟ್ಟು ಹಿಡಿದರು. ಹಂಡೆಯ ಮುಚ್ಚಳ ಎತ್ತಿ ಇಳಿಸಿದ ಕೈ, ಅಲುಗಾಡಿಸಲು ಆಗಲಿಲ್ಲ.

“ಬಟ್ಟಲಾ ಕೆಳಗ ಇಡು. ನನ್ನ ನೌಕರಿ ಹೋದ್ರ ಮತ್ತೊಂದು ಸಿಗ್ತದ. ನೀ ನಿಮ್ಮವ್ವಗ ಕೊಟ್ಟ ಜಬಾನ್ ಹೋದ್ರ ಎಲ್ಲಿಂದ ತರ್ತಿ?”

ನಾನು ಬಟ್ಟಲು ಇಟ್ಟೆ. ಮತ್ತೊಂದು ನೌಕರಿ ಸಿಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನರಸರೆಡ್ಡಿಯವರು ಸಾಬ್‌ರಿಂದ ಭಟ್ಟಿಯ ಕೀಲಿಕೈ ಕೇಳಿ ತೆಗೆದುಕೊಂಡು ಅದನ್ನು ನನ್ನ ಕೈಗೆ ಕೊಟ್ಟರು. ಸುಬ್ಬರಾಯರು ಮಾತ್ರ ನ್ಯಾಯದ ಮನುಷ್ಯ. ಮೇಲಕ್ಕೆ ವರದಿ ಬರೆಯುವ ಮುಂಚೆ ಮತ್ತೊಮ್ಮೆ ಬರುತ್ತೇನೆ, ಅಷ್ಟರಲ್ಲಿ ಬೇರೆ ಕಾರಣವಿದ್ದರೆ ತೋರಿಸಿ ಎಂದು ನನಗೆ ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ನಾನು ಹಂಡೆಗಳ ಬಳಿ ಹೋಗಿ ಕುಳಿತೆ. ಬೆಂಕಿ ಆರಿತ್ತು. ನೆಲ ನೋಡುತ್ತ ಕುಳಿತವನಿಗೆ ಹಂಡೆಯ ಬುಡದ ಪರಸಿ ಕಣ್ಣಿಗೆ ಬಿತ್ತು. ಉಳಿದ ಕಡೆ ನುಣುಪಾಗಿ ಕಪ್ಪಗೆ ಹೊಳೆಯುವ ಕಲ್ಲು ಅಲ್ಲಿ ಬೆಳ್ಳಗೆ, ಒರಟಾಗಿತ್ತು. ಹಂಡೆ ತಿಕ್ಕಿದ ಹುಣಸೆಹಣ್ಣಿನ ನೀರು ದಿನಾ ಬೀಳುವ ಜಾಗ ಅದು. ಅದನ್ನು ವರ್ಷಗಟ್ಟಲೆ ನೋಡಿದ್ದೆ, ಕಂಡಿರಲಿಲ್ಲ.

ಆಗ ನೆನಪಿಗೆ ಬಂದವಳು ಅವ್ವ. ನಮ್ಮ ಪಡಸಾಲೆಯ ನೆಲ ಶಹಾಬಾದ ಪರಸಿಯದು. ಅವ್ವ ಅದನ್ನು ಕನ್ನಡಿಯಂತೆ ಇಟ್ಟಿದ್ದಳು. ಊಟಕ್ಕೆ ಕುಳಿತಾಗ ಹುಣಸೆಹುಳಿಯ ಸಾರು ಒಂದು ಹನಿ ನೆಲಕ್ಕೆ ಬಿದ್ದರೆ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ಹುಳಿ ಕಲ್ಲು ತಿಂತದ, ಕಲೆ ಸಾಯೋತನ ಹೋಗಾಂಗಿಲ್ಲ ಎಂದು ಬೈಯುತ್ತಲೇ ಒದ್ದೆ ಬಟ್ಟೆ ತರುತ್ತಿದ್ದಳು. ಲಿಂಬೆಹಣ್ಣನ್ನು ಪಡಸಾಲೆಯಲ್ಲಿ ಹೆಚ್ಚಲು ಬಿಡುತ್ತಿರಲಿಲ್ಲ.

ಎದ್ದು ಹೋಗಿ ತೊಟ್ಟಿಯೊಳಗೆ ಇಳಿದು ಗೋಡೆಯ ಮೇಲೆ ಕೈಯಾಡಿಸಿದೆ. ಹೊರಗೆ ನುಣ್ಣಗಿದ್ದ ಕಲ್ಲು ಒಳಗೆ ಅಕ್ಕಿತರಿಯಂತೆ ಕೈಗೆ ಚುಚ್ಚಿತು. ಇನ್ನು ನಾನು ಓದಿದ್ದು ಉಪಯೋಗಕ್ಕೆ ಬಂತು. ನಮ್ಮ ಕಲ್ಲು ಸುಣ್ಣದ ಕಲ್ಲು. ಕಳಿಗೆ, ಅಂದರೆ ನೆನೆಸಿ ಕೊಳೆಹಾಕಿದ ಹೂವಿಗೆ, ತನ್ನದೇ ಒಂದು ಹುಳಿ ಇರುತ್ತದೆ. ಆ ಹುಳಿಯೇ ಅದರ ಕಾವಲು, ಕೆಟ್ಟ ಕ್ರಿಮಿಗಳನ್ನು ಹತ್ತಿರ ಬಿಡುವುದಿಲ್ಲ. ಹುಳಿ ಕಲ್ಲನ್ನು ತಿಂದಷ್ಟೂ ಕಲ್ಲು ಹುಳಿಯನ್ನು ತಿನ್ನುತ್ತದೆ. ಕಾವಲು ಹೋದ ಕಳಿಯಲ್ಲಿ ತುಪ್ಪ ಕಮಟು ಮಾಡುವಂಥ ಕ್ರಿಮಿ ಮನೆ ಮಾಡಿತ್ತು. ಒರಟಾದ ಕಲ್ಲಿನ ಸಂದಿಗಳಲ್ಲಿ ಅದು ಎಷ್ಟು ತೊಳೆದರೂ ಉಳಿಯುತ್ತಿತ್ತು.

ನರಸರೆಡ್ಡಿಯವರಿಗೆ ಹೇಳಿದೆ. ಅವರು ನಕ್ಕರು. ಊರಿಗೆ ಊರೇ ಈ ಕಲ್ಲಿನ ಮೇಲೆ ನಿಂತಿದೆ, ನಿನಗೆ ಮಾತ್ರ ಇದು ಖೊಟ್ಟಿ ಕಂಡಿತೇ ಎಂದರು. ಲಿಂಬೆಹಣ್ಣು ಕೊಯ್ದು ಅವರ ಬೈಠಕ್ಕಿನ ನೆಲದ ಮೇಲೆ ಹಿಂಡಿದೆ. ಹನಿ ನೊರೆಯೆದ್ದು, ಒರೆಸಿದಾಗ ಬಿಳಿ ಕಲೆ ಉಳಿಯಿತು. ತೆಲುಗಿನಲ್ಲಿ ಸಾಕಷ್ಟು ಬೈಸಿಕೊಂಡೆ. ಆದರೆ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು.

ಹಿತ್ತಲಿನ ಪೀಪಾಯಿಗಳನ್ನು ಬಿಗಿಯಬೇಕಾಗಿತ್ತು. ಆ ಕೈಚಳಕ ಸಾಬ್‌ರದು. ತೆಗೆದುಹಾಕಿದವನು ಗೇಟು ದಾಟುವುದಿಲ್ಲ ಎಂದು ಅವರು ರಸ್ತೆಯಾಚೆಯ ಚಹಾ ಅಂಗಡಿಯಲ್ಲಿ ಕುಳಿತುಬಿಟ್ಟರು. ಎಷ್ಟು ಕರೆದರೂ ಏಳಲಿಲ್ಲ. ಕಡೆಗೆ ನಾನೇ ಪೀಪಾಯಿಗಳನ್ನು ಉರುಳಿಸಿಕೊಂಡು ರಸ್ತೆಗೆ ತಂದೆ. ಚಿಂಚೋಳಿ ಬಸ್ಸಿನವರು ನಿಲ್ಲಿಸಿ ನೋಡುತ್ತಿದ್ದಂತೆ ಸಾಬ್ ಅಲ್ಲೇ ಬೇವಿನ ನೆರಳಲ್ಲಿ ಕುಳಿತು ಹಲಗೆ ಕೂಡಿಸಿ, ಪಟ್ಟಿ ಬಡಿದು, ನೀರು ತುಂಬಿಸಿ ನೋಡಿ, ತಗೊಂಡು ಹೋಗು ಎಂದರು. ಕಲ್ಲಿನ ಸಂಗತಿ ಹೇಳಿದಾಗ, ನಾ ಮೊದಲೇ ಬ್ಯಾಡ ಅಂದಿದ್ದಿಲ್ಲೇನು ಎಂದು ಜಂಬ ಕೊಚ್ಚಿದರು. ಯಾಕೆ ಬೇಡ ಅಂದಿರಿ ಎಂದು ಕೇಳಿದರೆ ಚಹಾ ಹೇಳಿದರು.

ಒಂದೇ ಚೀಲದ ಹೂ, ಒಂದೇ ಬೆಲ್ಲ, ಒಂದೇ ಹಳ್ಳದ ನೀರು. ಅರ್ಧ ಪೀಪಾಯಿಗೆ, ಅರ್ಧ ತೊಟ್ಟಿಗೆ. ಎರಡನ್ನೂ ನಾನೇ ಬೇರೆ ಬೇರೆ ಇಳಿಸಿದೆ. ಸಾಬ್ ಅತ್ತ ಸುಳಿಯದ ಕಾರಣ ಯಾರೂ ಅವರ ಕೈವಾಡ ಎನ್ನುವಂತಿರಲಿಲ್ಲ. ಸುಬ್ಬರಾಯರು ಬಂದ ದಿನ ಅವರೇ ಜವಾನನನ್ನು ಕಳಿಸಿ ಸಾಬ್‌ರನ್ನು ಕರೆಸಿದರು. ಸರಕಾರಿ ಕರೆಯಾದ್ದರಿಂದ ಸಾಬ್ ಗೇಟು ದಾಟಿದರು.

ಮೇಜಿನ ಮೇಲೆ ಎರಡು ಬಟ್ಟಲು. ಯಾವುದು ಯಾವುದರದ್ದು ಎಂದು ನನಗೊಬ್ಬನಿಗೇ ಗೊತ್ತು. ಸಾಹೇಬರೇ ನೋಡಿ ಹೇಳಬೇಕು ಎಂದೆ. ಸುಬ್ಬರಾಯರು ಮೂಸಿದರು, ಎರಡರಲ್ಲೂ ಮೊದಲು ಹಾರುವ ವಾಸನೆಯೇ ಅವರ ಮೂಗಿಗೆ ಹೊಡೆಯಿತು. ಬಾಯಿಗೆ ಹಾಕಿಕೊಳ್ಳಿ ಎಂದೆ. ಅವರು ಬಟ್ಟಲು ಹಿಡಿದು ನಿಂತರು. ಕೈ ಮೇಲೆ ಹೋಗಲಿಲ್ಲ. ಮುಖ ಕೆಂಪಾಯಿತು. ಆಮೇಲೆ ಮೆಲ್ಲಗೆ, ತಾವು ಸಂಧ್ಯಾವಂದನೆಯ ಮನೆಯವರು, ಈವರೆಗೆ ಇದನ್ನು ಮುಟ್ಟಿದವರಲ್ಲ ಎಂದರು. ಅಬಕಾರಿಯಲ್ಲಿ ಅಷ್ಟು ವರ್ಷ ಕಳೆದವರೂ ನಮ್ಮ ಪಂಗಡವೇ!

ನಾನು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಮೈಬೂಬ್ ಸಾಬ್ ಬಗ್ಗಿ, ಪೀಕದಾನಿಯನ್ನು ಎತ್ತಿ ಸುಬ್ಬರಾಯರ ಮುಂದೆ ಇಟ್ಟರು.

“ಉಗುಳ್ರಿ ಸಾಹೇಬ್ರ. ಈ ಖೋಲ್ಯಾಗ ಉಗುಳಿದಾವಗ ಯಾರೂ ಗುನ್ಹೇಗಾರ ಅನ್ನಾಂಗಿಲ್ಲ.”

ಸುಬ್ಬರಾಯರು ಸಾಬ್‌ರ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಮೊದಲ ಬಟ್ಟಲಿನದನ್ನು ಬಾಯಿಗೆ ಹಾಕಿಕೊಂಡು ಉಗುಳಿದರು. ನೀರು ಮುಕ್ಕಳಿಸಿ ಎರಡನೆಯದನ್ನು ಹಾಕಿಕೊಂಡವರೇ ಮುಖ ಕಿವುಚಿ ಪೀಕದಾನಿಯತ್ತ ಬಾಗಿದರು. ಇದೇ, ಇದೇ ಕಮಟು ಎಂದರು. ಅದು ತೊಟ್ಟಿಯದು. ನಾನು ಹೇಳಿದೆ, ತೊಟ್ಟಿಗೆ ಕರೆದುಕೊಂಡು ಹೋಗಿ ಗೋಡೆ ಮುಟ್ಟಿಸಿದೆ. ವಾಪಸು ಬಂದು ಅವರು ಎಲ್ಲರೆದುರಿಗೆ ಸಾಬ್‌ರಿಗೆ ಕೈ ಮುಗಿದರು. ದೊಡ್ಡ ಮನುಷ್ಯ. ನರಸರೆಡ್ಡಿಯವರು ನನ್ನ ಕೈಯಿಂದ ಕೀಲಿಕೈ ಕಿತ್ತು ಸಾಬ್‌ರ ಜೇಬಿಗೆ ತುರುಕಿ, ಕನ್ನಡದಲ್ಲಿ ಏನೇನೋ ಸಮಾಧಾನ ಹೇಳುತ್ತ ಹೋದರು. ಸಾಬ್‌ರ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಆದರೂ ಅವರು ಮೊದಲ ಬಟ್ಟಲು ಎತ್ತಿ ಬಾಯಲ್ಲಿ ತಿರುಗಿಸಿ ಉಗುಳಿ, ನಾನು ಹಂಡೆಗೆ ಬೆಂಕಿ ತುಸು ಹೆಚ್ಚು ಕೊಟ್ಟಿದ್ದೇನೆ ಎಂದು ತಪ್ಪು ಹಿಡಿದರು. ಹಿಡಿದದ್ದು ಸರಿಯಾಗಿಯೇ ಇತ್ತು.

ಮುಂದೆ ಹೊಸ ಪೀಪಾಯಿಗಳು ಬಂದವು. ಆ ತೊಟ್ಟಿಗಳಲ್ಲಿ ಹಂಡೆ ತಂಪು ಮಾಡುವ ನೀರು ತುಂಬಿಸಿದೆವು, ಅದಕ್ಕೆ ಅಷ್ಟು ಒಳ್ಳೆಯ ತೊಟ್ಟಿ ಬೇರೆ ಇರಲಿಲ್ಲ. ರಾಜ್ಯದ ಹೆಸರು ಕರ್ನಾಟಕವಾಯಿತು. ಇಪ್ಪೆಹೂವಿನ ಕಾಲ ಮುಗಿದು ಸಕ್ಕರೆ ಕಾರ್ಖಾನೆಯ ಕಾಕಂಬಿಯ ಕಾಲ ಬಂತು, ಆಮೇಲೆ ಪ್ಲಾಸ್ಟಿಕ್ ಪೊಟ್ಟಣಗಳು ಬಂದವು. ಅದರಲ್ಲಿ ರುಚಿ ನೋಡುವುದಕ್ಕೆ ಏನೂ ಉಳಿಯಲಿಲ್ಲ. ಭಟ್ಟಿ ಮುಚ್ಚಿದಾಗ ಹಿತ್ತಾಳೆಯ ಪೀಕದಾನಿಯನ್ನು ನಾನು ಕೇಳಿ ಪಡೆದೆ. ಈಗ ಅದರಲ್ಲಿ ತುಳಸಿ ಇದೆ.

ನಿಮಗೆ ಹೇಳಬೇಕಾದ ಇನ್ನೊಂದು ಸಂಗತಿ ಉಳಿದಿದೆ. ಅದು ನಡೆದದ್ದು ಭಟ್ಟಿಯಲ್ಲಲ್ಲ.

ಆ ಪರೀಕ್ಷೆ ಮುಗಿದ ವಾರ ನಾಲವಾರಕ್ಕೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಅವಳ ಬೈಗುಳವೇ ಒಬ್ಬ ಮನುಷ್ಯನನ್ನು ಉಳಿಸಿತು ಎಂದೆ. ಅವಳಿಗೆ ಅದು ದೊಡ್ಡದಾಗಿ ಕಾಣಲಿಲ್ಲ. ಹುಳಿ ಕಲ್ಲು ತಿನ್ನುವುದು ಯಾರಿಗೆ ಗೊತ್ತಿಲ್ಲ ಎಂದಳು. ಬಟ್ಟಲು ತುಟಿಯವರೆಗೆ ಹೋಗಿತ್ತು ಎಂದಾಗ ಮಾತ್ರ ಅವಳ ಕೈಯಲ್ಲಿದ್ದ ಮೊರ ನಿಂತಿತು.

“ಹಿಡದಾವ ಯಾರು?” ಎಂದು ಕೇಳಿದಳು.

ಮೈಬೂಬ್ ಸಾಬ್ ಎಂದೆ. ಅವರು ಆಡಿದ ಮಾತನ್ನೂ ಹೇಳಿದೆ. ಮರುದಿನ ರೊಟ್ಟಿ ಗಂಟು ಕೊಡುವಾಗ ಎಂದಿನ ಎಚ್ಚರಿಕೆಯ ಮಾತು ಬರಲಿಲ್ಲ. ಮುಂದಿನ ವಾರ ಬರುವಾಗ ಅವರನ್ನು ಊಟಕ್ಕೆ ಕರೆದುಕೊಂಡು ಬಾ ಎಂದಳು. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಅಪ್ಪ ಮತ್ತೆ ದನದ ಕೊಟ್ಟಿಗೆಗೆ ಹೋದರು, ಆದರೆ ಈ ಸಲ ಊಟದ ಹೊತ್ತಿಗೆ ತಿರುಗಿ ಬಂದರು.

ಸಾಬ್ ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡು ಬಂದಿದ್ದರು. ಪಡಸಾಲೆಯಲ್ಲಿ, ಕನ್ನಡಿಯಂತೆ ಹೊಳೆಯುವ ಪರಸಿಯ ಮೇಲೆ ಮಣೆ ಹಾಕಿ ಕುಳ್ಳಿರಿಸಿ ಅವ್ವ ತಾನೇ ಬಡಿಸಿದಳು. ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ, ಹುಣಸೆಹುಳಿಯ ಸಾರು. ಸಾಬ್ ಚಟ್ನಿ ನಾಲಿಗೆಗೆ ಹಚ್ಚಿ, ಇದು ತಮಗೆ ಮೊದಲೇ ಪರಿಚಯ ಎಂದರು. ಅವ್ವ ನಕ್ಕಳು. ಸಾಬ್ ಸಾರಿನ ಬಟ್ಟಲು ಎತ್ತಿಕೊಂಡರು. ನಾಲಿಗಿ ಖೋಲಿಯಲ್ಲಿ ಅಷ್ಟು ವರ್ಷ ಒಂದು ಹನಿ ಚೆಲ್ಲದ ಆ ಕೈಯಲ್ಲಿ ಅಂದು ಬಟ್ಟಲು ವಾಲಿತು. ಸಾರು ನೆಲಕ್ಕೆ ಚೆಲ್ಲಿತು.

ನನ್ನ ಬೆನ್ನು ತಾನಾಗಿ ಗುದ್ದಿಗೆ ಸಜ್ಜಾಯಿತು. ಸಾಬ್‌ರಿಗೂ ಗೊತ್ತಿತ್ತಲ್ಲ, ಹುಳಿ ಕಲ್ಲನ್ನು ಏನು ಮಾಡುತ್ತದೆಂದು. ಗಾಬರಿಯಾಗಿ ಹೆಗಲ ಮೇಲಿನ ವಸ್ತ್ರ ತೆಗೆದು ಒರೆಸಲು ಬಗ್ಗಿದರು. ಅವ್ವ ಅವರ ಮುಂದೆ ಕೈ ಚಾಚಿ ತಡೆದಳು.

“ಒರಸಬ್ಯಾಡ ಬಿಡಪಾ. ನನ್ನ ಮಗನ ಕೈ ಹಿಡದಾವ ಇಲ್ಲಿ ಕುಂತು ಉಂಡಾನ ಅಂತ ಗುರ್ತು ಇರ್ಲಿ.”

ಹೇಳಿ, ಅವರಿಗೆ ಮತ್ತೊಂದು ಬಟ್ಟಲು ಸಾರು ಹಾಕಿದಳು. ನೆಲದ ಮೇಲಿನ ಹುಳಿ ತಾನಾಗಿ ಒಣಗುವವರೆಗೆ ನಾವು ಉಣ್ಣುತ್ತ ಕುಳಿತಿದ್ದೆವು.